ಹಿತ್ತಲ ತರಕಾರಿ ಮತ್ತು ಅಹಿಂಸಾಣುವ್ರತ

ವ್ರತ ಸ್ವೀಕರಿಸಿದ ಶ್ರಾವಕರ ಮನೆಗಳಲ್ಲಿ ಆಗಾಗ ತಲೆದೋರುವ ಪ್ರಶ್ನೆಯೊಂದುಂಟು. ಮನೆಯ ಹಿಂದಿನ ಹಿತ್ತಲಿನಲ್ಲಿ ನಾಲ್ಕು ಬೆಂಡೆಯ ಗಿಡ, ಒಂದು ಹೀರೆಯ ಬಳ್ಳಿ, ಒಂದು ಬಸಳೆಯ ಚಪ್ಪರ, ಬಚ್ಚಲ ನೀರು ಹರಿಯುವ ಕಡೆ ಎರಡು ಬಾಳೆ, ಇಷ್ಟನ್ನು ಬೆಳೆಸುವುದು ಅಣುವ್ರತಿಗೆ ತಕ್ಕುದೇ? ನೆಲವನ್ನು ಅಗೆದರೆ ಪೃಥ್ವೀಕಾಯಿಕ ಜೀವಗಳಿಗೆ ಬಾಧೆ. ನೀರೆರೆದರೆ ಜಲಕಾಯಿಕಗಳಿಗೆ ಬಾಧೆ. ಕಳೆ ಕಿತ್ತರೆ ವನಸ್ಪತಿಕಾಯಿಕಗಳಿಗೆ ಬಾಧೆ. ಗುದ್ದಲಿಯ ಬಾಯಿಗೆ ಎರೆಹುಳು ಸಿಕ್ಕಿದರೆ ತ್ರಸಜೀವಿಯ ಘಾತವೇ ಆಯಿತು. ಅದಕ್ಕಿಂತ ಸಂತೆಯಿಂದ ಕೊಂಡು ತರುವುದು ನಿರ್ದೋಷವಲ್ಲವೇ ಎಂದು ಪಾಪಭೀರುಗಳಾದ ಹಲವರು ಭಾವಿಸುತ್ತಾರೆ. ಈ ಭಾವನೆಯ ಮೂಲದಲ್ಲಿರುವ ದಯೆ ಆದರಣೀಯವೇ ಸರಿ. ಆದರೆ ಅದು ಶಾಸ್ತ್ರದ ಒರೆಗಲ್ಲಿಗೂ ವಿವೇಕದ ಒರೆಗಲ್ಲಿಗೂ ನಿಲ್ಲುವುದೇ ಎಂಬುದನ್ನು ವಿಚಾರಿಸಬೇಕಾಗಿದೆ.

ನಿದರ್ಶನಕ್ಕಾಗಿ ಒಂದು ಮನೆಯನ್ನು ತೆಗೆದುಕೊಳ್ಳಬಹುದು. ಆ ಮನೆಯ ಹಿರಿಯಾಕೆ ದಶಲಕ್ಷಣ ಪರ್ವದಲ್ಲಿ ಮುನಿಗಳ ಸನ್ನಿಧಿಯಲ್ಲಿ ಎರಡನೆಯ ಪ್ರತಿಮೆಯ ದ್ವಾದಶ ವ್ರತಗಳನ್ನು ಸ್ವೀಕರಿಸಿ ಬಂದರು. ಮರುದಿನವೇ ಸೊಸೆಯನ್ನು ಕರೆದು, "ಇನ್ನು ಹಿತ್ತಲಿಗೆ ಗುದ್ದಲಿ ಹಾಕುವುದು ಬೇಡಮ್ಮ. ನನ್ನ ವ್ರತಕ್ಕೆ ಕುಂದು ಬರುತ್ತದೆ" ಎಂದರು. ಸೊಸೆ ಮರುಮಾತಾಡಲಿಲ್ಲ. ಚಪ್ಪರ ಒಣಗಿತು, ಬಳ್ಳಿ ಸೊರಗಿತು, ವಾರಕ್ಕೊಮ್ಮೆ ಸಂತೆಯಿಂದ ಚೀಲ ತುಂಬಿ ಬರತೊಡಗಿತು. ಹೀಗೆಯೇ ಒಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಸೊಸೆ ಬೆಂಡೆಕಾಯಿ ಹೆಚ್ಚುತ್ತಿದ್ದಳು. ಮನೆಯ ವಾಡಿಕೆಯಂತೆ ಒಂದೊಂದನ್ನೂ ಸೀಳಿ ಬೆಳಕಿಗೆ ಹಿಡಿದು ನೋಡಿ ಹೆಚ್ಚುತ್ತಿದ್ದಳು. ಬಳಿಯಲ್ಲಿ ಕುಳಿತಿದ್ದ ಬಾಲಕ, "ಅಜ್ಜಿ, ನಮ್ಮ ಹಿತ್ತಲ ಬೆಂಡೆಕಾಯಿಯಲ್ಲಿ ಆಗಾಗ ಹುಳ ಇರುತ್ತಿತ್ತು. ಸಂತೆಯದರಲ್ಲಿ ಒಂದೂ ಇಲ್ಲವಲ್ಲ. ಅಲ್ಲಿಯ ಹುಳಗಳೆಲ್ಲ ಎಲ್ಲಿಗೆ ಹೋದವು?" ಎಂದು ಕೇಳಿದ. ಹಿರಿಯಾಕೆಯ ಕೈಯಲ್ಲಿದ್ದ ಜಪಸರ ನಿಂತಿತು. ಅಂದಿನ ಸಾಯಂಕಾಲದ ಸಾಮಾಯಿಕದಲ್ಲಿಯೂ ಅವರ ಮನಸ್ಸು ಆ ಪ್ರಶ್ನೆಯ ಸುತ್ತಲೇ ಸುಳಿಯಿತು.

ಬಾಲಕನ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಶಾಸ್ತ್ರ ಏನು ಹೇಳುತ್ತದೆಂಬುದನ್ನು ನೋಡಬೇಕು. ಭೋಗಭೂಮಿಯ ಕಾಲ ಮುಗಿದು ಕಲ್ಪವೃಕ್ಷಗಳು ಮರೆಯಾದಾಗ, ಹಸಿವಿನಿಂದ ಕಂಗೆಟ್ಟ ಪ್ರಜೆಗಳಿಗೆ ಆದಿನಾಥ ಸ್ವಾಮಿಯು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪವೆಂಬ ಷಟ್ಕರ್ಮಗಳನ್ನು ಉಪದೇಶಿಸಿದನೆಂಬುದನ್ನು ಜಿನಸೇನಾಚಾರ್ಯರ ಆದಿಪುರಾಣವನ್ನು ಓದಿದವರೆಲ್ಲ ಬಲ್ಲರು. ಕೃಷಿಯು ಸ್ವಭಾವತಃ ಶ್ರಾವಕನಿಗೆ ನಿಷಿದ್ಧವಾಗಿದ್ದರೆ ಪ್ರಥಮ ತೀರ್ಥಂಕರನ ಉಪದೇಶದಲ್ಲಿ ಅದಕ್ಕೆ ಸ್ಥಾನವಿರುತ್ತಿರಲಿಲ್ಲ. ಇಂದಿಗೂ ಬೆಳಗಾವಿ, ಕೊಲ್ಹಾಪುರದ ಸೀಮೆಯ ದಿಗಂಬರ ಜೈನರಲ್ಲಿ ಬಹುಮಂದಿ ಒಕ್ಕಲುತನದಿಂದ ಬಾಳುವವರೇ ಆಗಿದ್ದಾರೆ.

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ವಾಡಿಕೆ. ಅಡುಗೆ, ಕಸಗುಡಿಸುವುದು, ನೀರು ಸೇದುವುದು ಮುಂತಾದ ಗೃಹಕೃತ್ಯಗಳಲ್ಲಿ ಆಗುವುದು ಆರಂಭೀ ಹಿಂಸೆ. ಮನೆಯ ಮಟ್ಟಿಗಿನ ಹಿತ್ತಲ ಕೆಲಸವೂ ಇದರಲ್ಲಿಯೇ ಸೇರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತವನ್ನು ಹೇಳುವಾಗ, ತ್ರಸಜೀವಿಗಳನ್ನು ಸಂಕಲ್ಪಪೂರ್ವಕವಾಗಿ ಮನೋವಾಕ್ಕಾಯಗಳಿಂದಲೂ ಕೃತ, ಕಾರಿತ, ಅನುಮೋದನೆಗಳಿಂದಲೂ ಕೊಲ್ಲದಿರುವುದನ್ನು ಅದರ ಲಕ್ಷಣವಾಗಿ ಇಟ್ಟಿದ್ದಾರೆ. ಸೇವೆ, ಕೃಷಿ, ವಾಣಿಜ್ಯವೇ ಮೊದಲಾದ ಆರಂಭಗಳನ್ನು ಬಿಡುವುದನ್ನು ಅವರು ಹೇಳುವುದು ಎಂಟನೆಯದಾದ ಆರಂಭತ್ಯಾಗ ಪ್ರತಿಮೆಯಲ್ಲಿ. ಎಂಟನೆಯ ಮೆಟ್ಟಿಲಲ್ಲಿ ಬಿಡಬೇಕಾದುದು ಎರಡನೆಯ ಮೆಟ್ಟಿಲಲ್ಲಿ ನಿಂತವರಿಗೆ ಕಡ್ಡಾಯವಾಗಲಾರದು. ಆದುದರಿಂದ ಹಿತ್ತಲಲ್ಲಿ ಬೆಂಡೆ ಬೆಳೆದುದರಿಂದಲೇ ಆ ಹಿರಿಯಾಕೆಯ ವ್ರತಕ್ಕೆ ಭಂಗ ಬರುತ್ತಿರಲಿಲ್ಲ.

ಆದರೆ ಅದೇ ಗ್ರಂಥವು ಅನರ್ಥದಂಡವ್ರತದ ಸಂದರ್ಭದಲ್ಲಿ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರ ಕಡಿಯುವುದು ಪ್ರಮಾದಚರ್ಯೆಯೆನಿಸುತ್ತದೆ. ಅಗೆಯುವುದೆಲ್ಲ ದೋಷವೆಂದು ಆಚಾರ್ಯರು ಹೇಳಲಿಲ್ಲ; ನಿಷ್ಫಲವಾಗಿ ಅಗೆಯುವುದು ದೋಷವೆಂದರು. ಹಿತ್ತಲ ತೋಟದ ಧರ್ಮಾಧರ್ಮ ವಿಚಾರಕ್ಕೆ ಈ ಒಂದು ವಿಶೇಷಣವೇ ಕೀಲಿಕೈಯಂತಿದೆ.

ಸಂಕಲ್ಪಕ್ಕೆ ಇರುವ ಬಲ ಎಷ್ಟೆಂಬುದನ್ನು ಯಶೋಧರ ಮಹಾರಾಜನ ಕಥೆ ತಿಳಿಸುತ್ತದೆ. ಜನ್ನನು ೧೨೦೯ರಲ್ಲಿ ಕನ್ನಡದಲ್ಲಿ ಹಾಡಿದ ಆ ಕಥೆಯಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಕೊಲ್ಲುವೆನೆಂಬ ಭಾವದಿಂದ ಕತ್ತಿಯೆತ್ತಿದುದಕ್ಕಾಗಿಯೇ ತಾಯಿ ಮಗ ಇಬ್ಬರೂ ತಿರ್ಯಗ್ಯೋನಿಗಳಲ್ಲಿ ತೊಳಲಬೇಕಾಯಿತು. ಇದೇ ಕಥೆಯನ್ನು ೯೫೯ರಲ್ಲಿ ಯಶಸ್ತಿಲಕ ಚಂಪುವಾಗಿ ಬರೆದ ಸೋಮದೇವಸೂರಿಗಳು ಅದರಲ್ಲಿ ಒಕ್ಕಲಿಗನನ್ನೂ ಬೆಸ್ತನನ್ನೂ ಹೋಲಿಸಿದ್ದಾರೆ. ಬಲೆ ಬೀಸಿ ಬರಿಗೈಯಲ್ಲಿ ಮರಳಿದ ದಿನವೂ ಬೆಸ್ತನು ಪಾಪಭಾಗಿ, ಏಕೆಂದರೆ ಅವನ ಮನಸ್ಸಿನಲ್ಲಿದ್ದುದು ಕೊಲ್ಲುವ ಭಾವ. ಉಳುವಾಗ ಜೀವಘಾತವಾದರೂ ಒಕ್ಕಲಿಗನು ಹಾಗಲ್ಲ, ಏಕೆಂದರೆ ಅವನ ಮನಸ್ಸಿನಲ್ಲಿದ್ದುದು ಬೆಳೆಯುವ ಭಾವ.

ಈ ಹೋಲಿಕೆಯನ್ನು ಕೇಳಿ ಹಿತ್ತಲಿನವರು ನಿಶ್ಚಿಂತರಾಗಬಾರದು. ನೆಲದಿಂದ ಕಾಯಿಯನ್ನು ಬಯಸುವವರೆಗೆ ಶ್ರಾವಕನು ಆ ಒಕ್ಕಲಿಗನಂತೆ ಇರುತ್ತಾನೆ. ಕಾಯಿಗೆ ಹುಳು ಬಿದ್ದುದನ್ನು ಕಂಡು ಔಷಧದ ಸೀಸೆಯನ್ನು ಕೈಗೆತ್ತಿಕೊಂಡ ಕ್ಷಣದಲ್ಲಿ ಅವನ ಭಾವ ಬದಲಾಗುತ್ತದೆ. ಈಗ ಅವನ ಲಕ್ಷ್ಯ ಬೆಳೆಯುವುದರಲ್ಲಿಲ್ಲ, ಕೊಲ್ಲುವುದರಲ್ಲಿದೆ. ಅದು ತ್ರಸಜೀವಿಗಳ ಸಂಕಲ್ಪೀ ಹಿಂಸೆ. ಅಣುವ್ರತವು ತಡೆಯುವುದು ಇದನ್ನೇ. ನುಗ್ಗೆಯ ಮರಕ್ಕೆ ಕಂಬಳಿಹುಳು ಮುತ್ತಿದಾಗ ಪಂಜು ಹಿಡಿದು ಸುಡುವ ರೂಢಿ ಎಷ್ಟೋ ಊರುಗಳಲ್ಲಿದೆ. ವ್ರತಿಗಳ ಮನೆಯ ಆಳುಗಳೂ ಹಾಗೆ ಮಾಡುವುದುಂಟು. ಆಳು ಮಾಡಿದುದು ಕಾರಿತವಾಗುತ್ತದೆ, ಕಂಡೂ ಕಾಣದಂತಿದ್ದುದು ಅನುಮೋದನೆಯಾಗುತ್ತದೆ. ಬೇವಿನ ಕಷಾಯ ನಿರುಪದ್ರವಿಯೆಂದು ಕೆಲವರು ನಂಬಿದ್ದಾರೆ. ಆದರೆ ಬೇವಿನ ಬೀಜದ ಸತ್ತ್ವವು ಹುಳುಗಳನ್ನು ದೂರವಿಡುವುದಷ್ಟೇ ಅಲ್ಲದೆ, ಮರಿಹುಳುಗಳು ಪೊರೆ ಕಳಚಿ ಬೆಳೆಯುವುದನ್ನೂ ತಡೆದು ಸಾಯಿಸುತ್ತದೆ. ಗಿಡದಿಂದ ಬಂದ ಮಾತ್ರಕ್ಕೆ ವಿಷವು ಅಹಿಂಸೆಯಾಗದು.

ಈಗ ಬಾಲಕನ ಪ್ರಶ್ನೆಗೆ ಬರಬಹುದು. ಸಂತೆಯ ಬೆಂಡೆಯಲ್ಲಿ ಹುಳುವಿಲ್ಲದಿರುವುದಕ್ಕೆ ಕಾರಣ ಬಹುತೇಕ ಒಂದೇ: ಹೊಲದಲ್ಲಿಯೇ ಅವು ಸತ್ತಿವೆ. ಕಲೆಯಿಲ್ಲದ ಕಾಯಿಯನ್ನೇ ಆರಿಸುವ ಗಿರಾಕಿಗಾಗಿ, ಸಾಲ ತೀರಿಸಬೇಕಾದ ಬೆಳೆಗಾರನು ಔಷಧ ಹೊಡೆಯುತ್ತಾನೆ. ಅವನನ್ನು ದೂಷಿಸುವುದು ಸಲ್ಲದು. ಕೊಳ್ಳುವವನು ಕೊಲ್ಲೆಂದು ಹೇಳಿಲ್ಲವಾದುದರಿಂದ ಇದನ್ನು ಕಾರಿತವೆಂದು ಕಟ್ಟುನಿಟ್ಟಾಗಿ ಹೇಳಲಾಗದು. ಆದರೆ ವಿಷಯ ತಿಳಿದೂ ಕಲೆಯಿಲ್ಲದುದನ್ನೇ ಹುಡುಕಿ ತೆಗೆದುಕೊಂಡು ಸಂತೋಷಪಡುವ ಮನಸ್ಸಿನಲ್ಲಿ ಅನುಮೋದನೆಯ ಲೇಪವಿಲ್ಲವೆಂದು ಯಾರು ಹೇಳಬಲ್ಲರು? ಕಾಣದ ಹಿಂಸೆಯು ಹುಳುಗಳಲ್ಲಿಯೇ ನಿಲ್ಲುವುದೂ ಇಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರುತೋಟಗಳ ಮೇಲೆ ವರ್ಷಾನುಗಟ್ಟಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನಿನ ನೋವನ್ನು ಆ ಸೀಮೆಯ ಮನೆಮನೆಗಳು ಉಂಡಿವೆ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಾದ್ಯಂತ ತಡೆಯಿತು. ಗೇರುಬೀಜ ತಿಂದ ದೂರದ ಊರಿನವರಿಗೆ ಅಂಗವಿಕಲರಾಗಿ ಹುಟ್ಟಿದ ಆ ಮಕ್ಕಳು ಕಾಣುತ್ತಿರಲಿಲ್ಲ.

ಕೈಗೆ ಮಣ್ಣು ಅಂಟದಿದ್ದರೆ ಪಾಪವೂ ಅಂಟದೆಂಬ ಭ್ರಮೆಯೇ ಇಲ್ಲಿಯ ಮುಖ್ಯ ದೋಷ. ಹಿಂಸೆ ಕಣ್ಣ ಮುಂದಿದ್ದಾಗ ಅದನ್ನು ಕುಗ್ಗಿಸುವ ಉಪಾಯವೂ ಕೈಯಲ್ಲಿರುತ್ತದೆ. ಕಣ್ಮರೆಯಾದಾಗ ಅದು ಕುಗ್ಗುವುದಿಲ್ಲ, ಮರೆತುಹೋಗುತ್ತದೆ ಅಷ್ಟೆ. ಹಿಂಸೆಗೆ ಮೂಲ ಪ್ರಮತ್ತಯೋಗವೆಂದು ಉಮಾಸ್ವಾಮಿಗಳು ಹೇಳಿರುವುದನ್ನು ಈ ದೃಷ್ಟಿಯಿಂದ ಮನನ ಮಾಡಬೇಕು. ಎಚ್ಚರದಿಂದ ನಡೆಸಿದ ಹಿತ್ತಲು ಅಪ್ರಮಾದದ ಅಭ್ಯಾಸಶಾಲೆಯಾಗಬಲ್ಲದು.

ಆ ಎಚ್ಚರದ ಸ್ವರೂಪ ಹೇಗಿರಬೇಕು? ಮೊದಲನೆಯದಾಗಿ, ಏನನ್ನು ನೆಡಬೇಕೆಂಬ ವಿವೇಕ. ಒಂದೇ ಶರೀರದಲ್ಲಿ ಅನಂತ ಜೀವಗಳಿರುವ ಅನಂತಕಾಯವಾದ ಗೆಡ್ಡೆಗೆಣಸು, ಮೂಲಂಗಿ, ಈರುಳ್ಳಿಗಳಿಗೆ ಶ್ರಾವಕನ ಹಿತ್ತಲಲ್ಲಿ ಎಡೆಯಿಲ್ಲ. ಅವುಗಳಿಗಾಗಿ ನೆಲವನ್ನೂ ಬಗೆಯಬೇಕು, ಗಿಡವನ್ನೂ ಬುಡಸಹಿತ ಕೀಳಬೇಕು. ಹೀರೆ, ಪಡವಲ, ಸೋರೆ, ಅಲಸಂದೆ, ನಿಂಬೆ, ಸೀಬೆ ಇಂಥವುಗಳಿಂದ ಫಲವನ್ನು ಬಿಡಿಸಿಕೊಂಡರೆ ಗಿಡ ಉಳಿಯುತ್ತದೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಬರುವ ಷಡ್ಲೇಶ್ಯೆಗಳ ದೃಷ್ಟಾಂತವು ಇಲ್ಲಿ ನೆನಪಾಗಬೇಕು. ಆರು ಮಂದಿ ಪಥಿಕರ ಹಸಿವೂ ಒಂದೇ, ಮರವೂ ಒಂದೇ. ಕೃಷ್ಣಲೇಶ್ಯೆಯವನು ಮರವನ್ನು ಬುಡಸಹಿತ ಕಡಿಯಬೇಕೆಂದನು. ಶುಕ್ಲಲೇಶ್ಯೆಯವನಿಗೆ ತಾನಾಗಿ ಉದುರಿದ ಹಣ್ಣೇ ಸಾಕಾಯಿತು.

ಎರಡನೆಯದು, ಅಗೆತದ ಮಿತಿ. ಮಳೆಗಾಲದಲ್ಲಿ ನೆಲದೊಳಗೂ ಮೇಲೂ ಜೀವೋತ್ಪತ್ತಿ ಹೆಚ್ಚು. ಆದುದರಿಂದ ಮಡಿ ಮಾಡುವ ಕೆಲಸವನ್ನು ಅದಕ್ಕೆ ಮುಂಚೆ ಮುಗಿಸಿ, ಚಾತುರ್ಮಾಸದಲ್ಲಿ ಗುದ್ದಲಿಯನ್ನು ಮುಟ್ಟದಿರುವುದು ಲೇಸು. ಗಿಡದ ಬುಡಕ್ಕೆ ತರಗೆಲೆ ಹೊದಿಸಿದರೆ ಕಳೆಯೂ ಕಡಮೆ, ಅಗೆತವೂ ಕಡಮೆ, ನೀರೂ ಕಡಮೆ ಸಾಕು. ಆ ತರಗೆಲೆಯನ್ನು ರಾಶಿ ಹಾಕಿ ಸುಡುವುದಂತೂ ಅದರಲ್ಲಿ ಮನೆಮಾಡಿದ ಅಸಂಖ್ಯ ಜೀವಿಗಳನ್ನು ಸುಟ್ಟಂತೆ.

ಮೂರನೆಯದು, ಹುಟ್ಟಿದ ಹುಳುವನ್ನು ಕೊಲ್ಲುವುದಕ್ಕಿಂತ ಹುಟ್ಟಲು ಎಡೆಗೊಡದಿರುವುದು. ಬುಡದಲ್ಲಿ ನೀರು ನಿಲ್ಲಬಾರದು. ಹೀರೆ, ಹಾಗಲದ ಎಳೆಗಾಯಿಯ ಸಿಪ್ಪೆಯನ್ನು ಹಣ್ಣುನೊಣವು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಹೂ ಬಾಡಿ ಕಾಯಿ ಕಚ್ಚಿದ ಕೂಡಲೇ ಕಾಗದದ ಇಲ್ಲವೆ ತೆಳುಬಟ್ಟೆಯ ಚೀಲ ತೊಡಿಸಿದರೆ ನೊಣಕ್ಕೂ ಸಾವಿಲ್ಲ, ಕಾಯಿಗೂ ಕೇಡಿಲ್ಲ. ಎಲೆಯೆಲ್ಲ ಕಂಬಳಿಹುಳುವಿನ ಪಾಲಾದ ನುಗ್ಗೆ ಮತ್ತೆ ಚಿಗುರುತ್ತದೆ; ಅಷ್ಟು ದಿನ ಸೊಪ್ಪಿನ ಆಸೆ ಬಿಟ್ಟರಾಯಿತು. ಹುಳು ಹೊಕ್ಕ ಬೆಂಡೆಯನ್ನು ಹಾಗೆಯೇ ಹಿತ್ತಲ ಮೂಲೆಯ ನೆರಳಿನಲ್ಲಿ ಇಟ್ಟುಬಿಡಬೇಕು. ಹತ್ತು ಕಾಯಿಗಳಲ್ಲಿ ಮೂರು ಹೋದರೆ ಆ ಮೂರನ್ನು ಬಿಡುವುದೇ ವ್ರತ. ಏನನ್ನೂ ಕಳೆದುಕೊಳ್ಳದೆ ಪಾಲಿಸಬಹುದಾದ ಅಹಿಂಸೆಗೆ ಹೆಚ್ಚಿನ ಬೆಲೆಯೇನಿದೆ?

ನಾಲ್ಕನೆಯದು, ಮಮತೆಯ ಮಿತಿ. ಮೂರ್ಛೆಯೇ ಪರಿಗ್ರಹ. ನೆರೆಮನೆಯ ಹಸು ಬೇಲಿ ನುಗ್ಗಿದಾಗ ಎದ್ದ ಕೋಪ, ತನ್ನ ಸೋರೆಯಷ್ಟು ದೊಡ್ಡದು ಊರಲ್ಲಿಯೇ ಇಲ್ಲವೆಂಬ ಹೆಮ್ಮೆ, ಅಳಿಲು ಸೀಬೆಹಣ್ಣು ಕಚ್ಚಿತೆಂದು ಕಲ್ಲು ಬೀರುವ ಕೈ, ಇವೆಲ್ಲವೂ ಎರೆಹುಳುವಿಗೆ ತಗಲಿದ ಗುದ್ದಲಿಗಿಂತ ಹೆಚ್ಚಿನ ಕರ್ಮಬಂಧಕ್ಕೆ ಕಾರಣವಾಗಬಲ್ಲವು. ಮನೆಗೆ ಬೇಕಾದಷ್ಟನ್ನು ಪರಿಮಾಣ ಮಾಡಿಕೊಂಡು ಮಿಕ್ಕುದನ್ನು ಹಂಚಬೇಕು. ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರನ್ನು ಕೊಯ್ಯದೆ, ಗಿಡಕ್ಕೂ ಕೈಗೂ ವಿಶ್ರಾಂತಿ ಕೊಡಬೇಕು.

ಹಿತ್ತಲೇ ಇಲ್ಲದ ಪಟ್ಟಣವಾಸಿಗಳು ಇದರಿಂದ ಎದೆಗುಂದಬೇಕಾಗಿಲ್ಲ. ಕಲೆಯಿದ್ದ ಕಾಯಿಯನ್ನು ತಳ್ಳಿಹಾಕದೆ ಕೊಳ್ಳುವುದು, ಆಯಾ ಋತುವಿನಲ್ಲಿ ಸಹಜವಾಗಿ ಬಂದುದರಲ್ಲಿ ತೃಪ್ತಿಪಡುವುದು, ಸೀಳಿ ನೋಡದೆ ಅಡುಗೆಗೆ ಹಾಕದಿರುವುದು, ಇಷ್ಟು ಅವರಿಗೂ ಸಾಧ್ಯ.

ಆ ಮನೆಯ ಹಿರಿಯಾಕೆ ಬೇಸಗೆಯ ಕೊನೆಯಲ್ಲಿ ಸೊಸೆಯನ್ನು ಕರೆದು, "ಮಳೆ ಹಿಡಿಯುವುದಕ್ಕೆ ಮೊದಲೇ ಚಪ್ಪರ ಕಟ್ಟಿಸಮ್ಮ. ಔಷಧ ಮಾತ್ರ ಈ ಅಂಗಳಕ್ಕೆ ಬರಬಾರದು. ಎಲೆಯ ಅಡಿ ನೋಡುವ ಕೆಲಸ ನನ್ನದಿರಲಿ" ಎಂದರು. ಅಂದಿನಿಂದ ಪ್ರತಿದಿನ, ಬಸದಿಯಿಂದ ಮರಳಿದ ಮೇಲೆ, ಬಿಸಿಲೇರುವ ಮುನ್ನ, ಮೊಮ್ಮಗನೊಡನೆ ಒಂದೊಂದು ಎಲೆಯನ್ನೂ ಮೆಲ್ಲನೆ ಮಗುಚಿ ನೋಡುತ್ತಾರೆ. ಹುಳು ಕಂಡ ಎಲೆಯನ್ನು ಹುಳುವಿಗೇ ಬಿಡುತ್ತಾರೆ. ಎಂಟನೆಯ ಪ್ರತಿಮೆಯನ್ನು ಏರುವ ಪರಿಣಾಮ ಒದಗಿದ ದಿನ ಈ ಕೆಲಸವನ್ನೂ ಬಿಡಬೇಕೆಂಬುದು ಅವರಿಗೆ ತಿಳಿದಿದೆ. ಅದುವರೆಗೆ ಶ್ರಾವಕಧರ್ಮವು ಅವರಿಂದ ಬೇಡುವುದು ಅಲ್ಲಿ ಕಣ್ತೆರೆದು ನಡೆಯುವುದನ್ನು.