ಬಾಡದ ಬನ್ನಿ

ಸೆಪ್ಟೆಂಬರ್ ಮುಗಿಯೋ ಹೊತ್ತಿಗೆ ಬೆಂಗಳೂರಿನ ಅಂಗಡಿಗಳಲ್ಲಿ ಕೆಂಪು, ಕಿತ್ತಳೆ ಬಣ್ಣದ ಮೇಪಲ್ ಎಲೆಯ ತೋರಣಗಳು ಕಾಣಿಸ್ತವೆ. ಕೆಲವು ಉಲ್ಲನ್ ದಾರದಲ್ಲಿ ಕ್ರೋಶಾ ಹಾಕಿದವು. ಚಂದ ಇರ್ತವೆ, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಯಲಬುರ್ಗಾ ಕಡೆ ಆಗ ಯಾವ ಮರವೂ ಕೆಂಪಾಗೋದಿಲ್ಲ. ಎರಿ ಹೊಲದಲ್ಲಿ ಹಿಂಗಾರಿ ಜೋಳದ ಬಿತ್ತನೆ ನಡೆದಿರುತ್ತೆ. ಆ ಕಾಲಕ್ಕೆ ನಮಗಿರೋ ಎಲೆ ಬನ್ನಿ. ದಸರೆಯ ಸಂಜೆ ಅದನ್ನು ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂತೀವಿ.

ಹೋದ ವರ್ಷ ಅವ್ವ ಕ್ರೋಶಾ ಕಡ್ಡಿ ಹಿಡಿದು ಬನ್ನಿ ಎಲೆಗಳನ್ನೇ ಹೆಣೆದು ಕಳಿಸಿದಳು. "ಅಲ್ಲಿ ಬನ್ನಿ ಗಿಡ ಎಲ್ಲಿ ಹುಡುಕ್ತಿ? ಇವು ಬಾಡಂಗಿಲ್ಲ" ಅಂದಳು. ಬನ್ನಿ ಹೆಣೆಯೋದು ಸುಲಭವಲ್ಲ: ಒಂದೇ ಎಸಳಿನ ಎರಡೂ ಬದಿಗೆ ಜೋಳದ ಕಾಳಿನಷ್ಟು ಎಲೆಗಳ ಸಾಲು. ಒಂದೊಂದಕ್ಕೆ ಒಂದು ಮಧ್ಯಾಹ್ನ ಹಿಡಿದಿದೆ.

ಇದನ್ನ ಬನ್ನಿ ಅಂತ ಕೊಡಬಹುದಾ?

ಗಿಡ ಉಳಿಯುತ್ತೆ ಅನ್ನೋದು ಒಳ್ಳೆ ವಾದ. ದಸರೆಯ ಮರುದಿನ ಬೋಳಾದ ಬನ್ನಿ ನೋಡಿದವರಿಗೆ ಗೊತ್ತು. ಇದೇ ಮರಕ್ಕೆ ರಾಜಸ್ಥಾನದಲ್ಲಿ ಖೇಜ್ಡಿ ಅಂತಾರೆ. ಅದನ್ನು ಕಡಿಯೋದು ತಡೆಯಲು 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ 363 ಬಿಷ್ಣೋಯಿಗಳು ಜೀವ ಕೊಟ್ಟರು.

ನನ್ನ ತಕರಾರು ಬೇರೆ. ಸ್ವೆಟರ್ ಹೆಣೆಯೋಕೆ ಯಂತ್ರ ಇದೆ, ಕ್ರೋಶಾಕ್ಕೆ ಇವತ್ತಿಗೂ ಕೈಯೇ ಬೇಕು. ಅಂದರೆ ಪ್ರತಿ ಎಲೆಯಲ್ಲೂ ಯಾರದೋ ಮಧ್ಯಾಹ್ನ ಇರುತ್ತೆ, ಅದಕ್ಕೆ ಬೆಲೆಯೂ ಇರಬೇಕು. ಗಂಗಾವತಿ ತಾಲೂಕಿನ ಆನೆಗುಂದಿಯಲ್ಲಿ ಬಾಳೆನಾರಿನ ಚೀಲ, ಬುಟ್ಟಿ ಮಾಡೋ ಹೆಂಗಸರಿಗೆ ಚೌಕಾಶಿ ಮಾಡದೆ ದುಡ್ಡು ಕೊಡಬೇಕು. ಆದರೆ ಬನ್ನಿಗೆ ಬೆಲೆ ಇಲ್ಲ. ಗೌಡರ ಕೈಯಲ್ಲೂ ಕೂಲಿಯವನ ಕೈಯಲ್ಲೂ ಅದೇ ಎಲೆ. ತಗೊಂಡವನ ಮೇಲೆ ಋಣ ಬೀಳೋದಿಲ್ಲ.

ಬದುವಿನ ಜಗಳದಲ್ಲಿ ಅಪ್ಪ, ದೊಡ್ಡಪ್ಪ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ದಸರೆಗೆ ಮಾತ್ರ ದೊಡ್ಡಪ್ಪ ನಮ್ಮ ಕಟ್ಟೆಗೆ ಬಂದು, ಎರಡು ಎಸಳು ಕೊಟ್ಟು, ಆ ಒಂದು ಮಾತು ಹೇಳಿ ಹೋಗ್ತಿದ್ದರು. ಬೆಲೆಬಾಳೋ ವಸ್ತು ತಂದಿದ್ದರೆ ಅಪ್ಪ ಮುಟ್ಟುತ್ತಿರಲಿಲ್ಲ. ಎಲೆ ಬೇಡ ಅನ್ನೋಕೆ ಯಾವ ಕಾರಣವೂ ಸಿಗ್ತಿರಲಿಲ್ಲ. ಎರಡು ದಿನಕ್ಕೆ ಎಲೆ ಒಣಗ್ತಿತ್ತು. ಹಾಗಾಗಿ ಮುಂದಿನ ವರ್ಷ ದೊಡ್ಡಪ್ಪ ಮತ್ತೆ ಬರಲೇಬೇಕಿತ್ತು.

ಈಗ ಇಬ್ಬರೂ ಇಲ್ಲ, ಬದು ಇದೆ. ಅದು ನನಗೂ ದೊಡ್ಡಪ್ಪನ ಮಗನಿಗೂ ಬಂದಿದೆ. ಅವ್ವನ ಎಲೆಯನ್ನು ಅವನಿಗೆ ಕೊರಿಯರ್ ಮಾಡಬಹುದು. ಬಾಡೋದಿಲ್ಲ, ಅಪ್ಪಟ ಕೈಕೆಲಸ, ನಾನು ಎದುರಿಗೆ ಹೋಗಿ ನಿಲ್ಲೋದೂ ಬೇಕಿಲ್ಲ. ಆ ಕೊನೆಯ ಅನುಕೂಲವೇ ನನಗೆ ಸರಿಬರ್ತಿಲ್ಲ.

ಉಲ್ಲನ್ ಎಲೆಗಳು ನನ್ನ ಬಾಗಿಲಿಗೆ ತೋರಣವಾಗಿವೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೊಪ್ಪಳಕ್ಕೆ ತೆಗೆಸಿದ ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟ್‌ನಲ್ಲಿದೆ.