‘ಅಯ್ಯಾ’ ಎಂಬ ಕರೆ

ತಂದೆಯ ವಿಷಯದಲ್ಲಿ ಮಗನ ಮನಸ್ಸು ಒಂದೇ ಬಗೆಯದಲ್ಲ. ಅಲ್ಲಿ ಒಲವೂ ಮುನಿಸೂ ಒಡನಿರುತ್ತವೆ. ಶಾಸ್ತ್ರಗಳು ಪಿತೃಭಕ್ತಿಯನ್ನು ವಿಧಿಸಿದುವು. ಆ ಮುನಿಸಿಗೆ ಎಡೆ ದೊರೆತುದು ಕಾವ್ಯದಲ್ಲಿ.

ಉಪನಯನವನ್ನು ಒಲ್ಲೆನೆಂದು ಬಸವಣ್ಣನವರು ತಂದೆ ಮಾದರಸರೊಡನೆ ವಾದಿಸಿ ಮನೆಯನ್ನು ತೊರೆದರೆಂದು ಭೀಮಕವಿಯ ಬಸವಪುರಾಣವು (1369) ಹೇಳುತ್ತದೆ. ಮನೆಯನ್ನು ತೊರೆದವರು ‘ಅಪ್ಪ’ ಎಂಬ ನುಡಿಯನ್ನು ತೊರೆಯಲಿಲ್ಲ. ಲೋಕವು ಕೀಳೆಂದು ದೂರವಿರಿಸಿದ್ದ ಮಾದಾರ ಚೆನ್ನಯ್ಯನವರನ್ನೂ ಡೋಹರ ಕಕ್ಕಯ್ಯನವರನ್ನೂ ಒಂದು ವಚನದಲ್ಲಿ ಪಿತೃಸ್ಥಾನದಲ್ಲಿರಿಸಿದರು. ಹುಟ್ಟಿದ ಕುಲದ ಹೆಮ್ಮೆಯನ್ನು ಇದಕ್ಕಿಂತ ಕಠಿನವಾಗಿ ನಿರಾಕರಿಸುವುದೆಂತು? ಆದರೂ ಆ ನಿರಾಕರಣೆಯೊಳಗೆ ತಂದೆಗಾಗಿ ಹಂಬಲಿಸುವ ಮಗುವಿನ ದನಿಯೇ ಇದೆ.

ಕನ್ನಡದಲ್ಲಿ ‘ಅಯ್ಯ’ ಎಂದರೆ ತಂದೆಯೂ ಹೌದು, ಒಡೆಯನೂ ಹೌದು. ಇನ್ನೊಂದು ವಚನದಲ್ಲಿ ಆ ಪದವನ್ನೇ ಮರಳಿ ಮರಳಿ ಕೂಗಿ, ಉತ್ತರ ಬಾರದಿರಲು, ಈ ಮೌನವೇಕೆಂದು ಕೂಡಲಸಂಗಮದೇವನನ್ನೇ ಕೇಳುತ್ತಾರೆ. ಇದನ್ನು ಬರಿಯ ಸ್ತುತಿಯೆಂದು ಅರ್ಥೈಸುವ ಪಂಡಿತರಿಗೆ ಆ ಕರೆಯೊಳಗಿನ ನೋವು ಕೇಳಿಸದು. ಇಲ್ಲಿ ಭಕ್ತಿಯೇ ದೂರಾಗಿದೆ. ದೂರಿನಲ್ಲಿ ಮಗನ ಹಕ್ಕೂ ಇದೆ. ಮಾದರಸರ ಮನೆಯಿಂದ ಹೊರಟುಬಂದ ಅಣ್ಣನವರು ಈ ಬಾಗಿಲಿನಿಂದ ಮಾತ್ರ ಕದಲಲಿಲ್ಲ. ಓಗೊಡದ ತಂದೆಯನ್ನು ಕೂಗುತ್ತಲೇ ನಿಂತರು.