ಸಂಶಯದ ಲಾಭ ಯಾರಿಗೆ ಸಲ್ಲಬೇಕು?

ನಮ್ಮ ದರ್ಶನಶಾಸ್ತ್ರಗಳಲ್ಲಿ 'ಅನುಮಾನ' ಎಂಬುದು ಗೌರವದ ಶಬ್ದ. ಬೆಟ್ಟದ ಮೇಲೆ ಹೊಗೆ ಕಂಡಾಗ ಅಲ್ಲಿ ಬೆಂಕಿಯಿದೆಯೆಂದು ತಿಳಿಯುವ ಬಗೆಗೆ ನೈಯಾಯಿಕರು ಆ ಹೆಸರಿಟ್ಟರು. ಪ್ರತ್ಯಕ್ಷದ ಮಗ್ಗುಲಲ್ಲೇ ಅದಕ್ಕೆ ಸ್ಥಾನ ಕೊಟ್ಟರು. ಕನ್ನಡದ ಆಡುಮಾತಿಗೆ ಇಳಿದಾಗ ಅದೇ ಶಬ್ದ ಸಂಶಯವಾಯಿತು. 'ಅವನಿಗೆ ಎಲ್ಲದರಲ್ಲೂ ಅನುಮಾನ' ಎಂದರೆ ಅದು ಹೊಗಳಿಕೆಯಲ್ಲ. ಒಂದೆಡೆ ಜ್ಞಾನದ ದಾರಿಯಾದದ್ದು ಇನ್ನೊಂದೆಡೆ ಮನಸ್ಸಿನ ರೋಗ. ಯಾವ ಅನುಮಾನ ಕರ್ತವ್ಯ, ಯಾವುದು ಕ್ಷುದ್ರತನ? ಇದು ಪಂಡಿತರ ಚರ್ಚೆ ಮಾತ್ರವಲ್ಲ. ನಮ್ಮ ತಲೆಯ ಮೇಲಿನ ಸೂರಿಗೂ ಸಂಬಂಧಿಸಿದ ಪ್ರಶ್ನೆ.

ಉದಾಹರಣೆಗೆ ಕಲ್ನಾರನ್ನು, ಎಂದರೆ ಆಸ್‌ಬೆಸ್ಟಾಸನ್ನು ತೆಗೆದುಕೊಳ್ಳೋಣ. ಹೆಸರೇ ಹೇಳುವಂತೆ ಅದು ಕಲ್ಲಿನ ನಾರು. ಗಣಿಯಲ್ಲಿ ಸಿಗುವ ಖನಿಜವಾದರೂ ಹತ್ತಿಯಂತೆ ಎಳೆ ಬಿಡುತ್ತದೆ. ಸುಡದು, ಕೊಳೆಯದು, ಶಾಖವನ್ನು ಸುಲಭವಾಗಿ ದಾಟಗೊಡದು. ಇಂಥ ಗುಣವಂತ ವಸ್ತುವನ್ನು ಇಪ್ಪತ್ತನೆಯ ಶತಮಾನ ತಲೆಯ ಮೇಲೆ ಹೊತ್ತು ಮೆರೆಸಿತು. ಗಿರಣಿಗಳ ಬಾಯ್ಲರಿಗೆ, ಉಗಿಯ ಕೊಳವೆಗಳಿಗೆ ಅದರ ಹೊದಿಕೆ. ಚಳಿಯ ದೇಶಗಳಲ್ಲಿ ಮನೆ ಬೆಚ್ಚಗಿಡುವ ಸಾಮಗ್ರಿಗಳಲ್ಲಿ ಅದರ ಬೆರಕೆ. ನಮ್ಮಲ್ಲಿ ಸಿಮೆಂಟಿನೊಡನೆ ಕೂಡಿದ ಅಲೆಯಲೆಯಾದ ಮಾಡಿನ ಹಾಳೆ. ಮುಂಬಯಿಯವರ ಬಾಯಲ್ಲಿ ಅದು 'ಸಿಮೆಂಟ್ ಪತ್ರಾ'.

ಕಲ್ನಾರಿನ ದೋಷವೂ ಆ ಎಳೆಯಲ್ಲೇ ಇದೆ. ಒಡೆದಷ್ಟೂ ಅದು ಸೂಕ್ಷ್ಮವಾಗುತ್ತದೆ. ಕಣ್ಣಿಗೆ ಕಾಣದ ಚೂರುಗಳು ಉಸಿರಿನೊಡನೆ ಒಳಗಿಳಿದು ಅಲ್ಲೇ ನೆಲಸುತ್ತವೆ. ಶ್ವಾಸಕೋಶ ಗಡುಸಾಗುವ ಆಸ್‌ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಎದೆಯ ಒಳಪೊರೆಗೆ ತಗಲುವ ಮೀಸೋಥೀಲಿಯೋಮ ಇವು ಅದರ ಫಲ. ಕ್ಯಾನ್ಸರು ತಲೆದೋರಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿಯುವುದುಂಟು. ಕೊಯ್ಯುವ ಕಾಲಕ್ಕೆ ಬಿತ್ತಿದವನಾರೆಂಬ ನೆನಪೇ ಉಳಿದಿರುವುದಿಲ್ಲ.

ಇಂಗ್ಲೆಂಡಿನ ರಾಚ್‌ಡೇಲಿನ ಕಲ್ನಾರು ಕಾರ್ಖಾನೆಯಲ್ಲಿ ದುಡಿದ ನೆಲ್ಲಿ ಕೆರ್ಷಾ ಎಂಬಾಕೆ 1924ರಲ್ಲಿ, ಮೂವತ್ತಮೂರರ ಪ್ರಾಯದಲ್ಲಿ ತೀರಿಕೊಂಡಾಗ ವೈದ್ಯರು ಕಾರಣವನ್ನು ಗುರುತಿಸಿದರು. 1931ರಲ್ಲಿ ಆ ದೇಶದ ಕಾರ್ಖಾನೆಗಳಲ್ಲಿ ಧೂಳನ್ನು ತಡೆಯುವ ನಿಯಮಗಳೂ ಬಂದವು. ಪೂರ್ಣ ನಿಷೇಧ ಬಂದದ್ದು ಮಾತ್ರ 1999ರಲ್ಲಿ. ನಡುವಿನ ಅಷ್ಟೂ ವರ್ಷ ಸಂಶಯದ ಲಾಭ ಸಂದದ್ದು ವಸ್ತುವಿಗೆ; ನಷ್ಟ ಸಂದದ್ದು ಮನುಷ್ಯನಿಗೆ.

ಇನ್ನು ಇದನ್ನು ಗುರುತಿಸುವ ಬಗೆ. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂದು ಗಾದೆ. ಇಲ್ಲಿ ಪ್ರತ್ಯಕ್ಷವೇ ಸೋಲುತ್ತದೆ. ಬಿಳಿ, ಕಂದು, ನೀಲಿ ಎಂದು ಕಲ್ನಾರಿನ ಬಗೆಗಳನ್ನು ಹೆಸರಿಸುವುದುಂಟು. ಸಿಮೆಂಟಿನಲ್ಲೋ ಗಾರೆಯಲ್ಲೋ ಬೆರೆತ ಮೇಲೆ ಬಣ್ಣ ಸಾಕ್ಷಿ ನುಡಿಯದು. ಕಲ್ನಾರಿಲ್ಲದ, ಬೇರೆ ನಾರು ಬೆರೆಸಿದ ಸಿಮೆಂಟ್ ಹಾಳೆಗಳೂ ಇವೆ. ಪಕ್ಕಪಕ್ಕದಲ್ಲಿಟ್ಟರೂ ಬೇರ್ಪಡಿಸುವುದು ಕಷ್ಟ. ನಿಶ್ಚಯವಾಗಿ ಹೇಳಬಲ್ಲದ್ದು ಪ್ರಯೋಗಾಲಯದ ಸೂಕ್ಷ್ಮದರ್ಶಕ ಮಾತ್ರ. ಉಳಿದವರಿಗೆ ಅನುಮಾನವೇ ಗತಿ, ನೈಯಾಯಿಕರ ಅರ್ಥದಲ್ಲಿ. ಇಲ್ಲಿ ಹೊಗೆಯ ಸ್ಥಾನದಲ್ಲಿರುವ ಕುರುಹುಗಳು ಮೂರು: ಕಟ್ಟಡದ ವಯಸ್ಸು, ವಸ್ತುವಿರುವ ಜಾಗ, ಅದರ ರೂಪ. ಹಳೆಯ ಉಗಿಕೊಳವೆಯ ಸುತ್ತ ಬಿಳಿಯ ಗಾರೆಯಂತೆ ಮೆತ್ತಿದ ಹೊದಿಕೆ, ಹಳೆಯ ಮಾಡಿನ ಬೂದುಬಣ್ಣದ ಸಿಮೆಂಟ್ ಹಾಳೆ, ಇವನ್ನು ಕಂಡೊಡನೆ ಅನುಮಾನಿಸತಕ್ಕದ್ದು.

ನಮ್ಮಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿ ಮನೆ ಕೊಂಡಿದ್ದಾರೆ. ಅಲ್ಲಿಯ ಹಳೆಯ ಮನೆಗಳ ಅಟ್ಟದಲ್ಲಿ ಬೂದುಗಂದು ಅಥವಾ ಹೊಂಬಣ್ಣದ, ಪದರುಪದರಾಗಿ ಉಬ್ಬಿದ ಹಗುರಾದ ಹರಳುಗಳನ್ನು ಸುರಿದಿರುವುದುಂಟು. ಅದರ ಹೆಸರು ವರ್ಮಿಕ್ಯುಲೈಟ್. ಅದು ತಾನೇ ಕಲ್ನಾರಲ್ಲ. ಆದರೆ 1990ರ ವರೆಗೆ ಆ ದೇಶದಲ್ಲಿ ಮಾರಾಟವಾದ ವರ್ಮಿಕ್ಯುಲೈಟಿನ ಬಹುಪಾಲು ಮೊಂಟಾನಾ ರಾಜ್ಯದ ಲಿಬ್ಬಿ ಎಂಬ ಊರಿನ ಗಣಿಯದು. ಆ ಗಣಿಯಲ್ಲಿ ಕಲ್ನಾರೂ ಬೆರೆತಿತ್ತು. ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ ಸರಳವಾದದ್ದು: ಅಂಥ ಹರಳು ಕಂಡರೆ ಕಲ್ನಾರು ಇದೆಯೆಂದೇ ಭಾವಿಸಿ, ಕದಡಬೇಡಿ.

ಇಲ್ಲಿ ಒಂದು ಧರ್ಮಸೂಕ್ಷ್ಮವಿದೆ. ನ್ಯಾಯಾಲಯದಲ್ಲಿ ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ. ಅಪರಾಧ ಸಿದ್ಧವಾಗುವ ತನಕ ಅವನು ನಿರಪರಾಧಿ. ಹಾಗಾದರೆ ಒಂದು ಹಾಳೆಯನ್ನೋ ಹೊದಿಕೆಯನ್ನೋ ಸಾಕ್ಷ್ಯವಿಲ್ಲದೆ ದೂಷಿಸುವುದು ಎಷ್ಟು ಸರಿ? ಆ ನಿಯಮದ ಬೇರನ್ನು ನೋಡಿದರೆ ಉತ್ತರ ದೊರೆಯುತ್ತದೆ. ಪ್ರಭುತ್ವದ ಮುಂದೆ ಆರೋಪಿ ದುರ್ಬಲ. ತಪ್ಪು ತೀರ್ಪಾದರೆ ನೋಯುವವನು ಅವನು. ನಮ್ಮ ಅಜ್ಞಾನದ ಬೆಲೆಯನ್ನು ದುರ್ಬಲನ ಮೇಲೆ ಹೊರಿಸಬಾರದೆಂಬುದೇ ಆ ನಿಯಮದ ಜೀವ. ಹಾಳೆಗೆ ನೋವಿಲ್ಲ, ಮಾನವಿಲ್ಲ. ಇಲ್ಲಿ ದುರ್ಬಲನು ಉಸಿರಾಡುವವನು. ಆದುದರಿಂದ ಸಂಶಯದ ಲಾಭ ಅವನಿಗೇ ಸಲ್ಲಬೇಕು.

ಹಾಗೆ ಉಸಿರಾಡುವವರು ಯಾರು? ಮನೆಯ ಯಜಮಾನನಿಗಿಂತ ಮೊದಲು ಹಾಳೆಗೆ ತೂತು ಕೊರೆಯುವ ಕೂಲಿ, ಚೂರುಗಳನ್ನು ಗುಡಿಸುವ ಹೆಂಗಸು. ಕಲ್ನಾರಿನ ಕಾರ್ಖಾನೆಗಳಲ್ಲಿ ದುಡಿದ ಗಂಡಂದಿರ ಬಟ್ಟೆ ಕೊಡವಿ ಒಗೆದ ಹೆಂಡಂದಿರಿಗೂ ರೋಗ ತಗಲಿದ್ದು ದಾಖಲೆಯಲ್ಲಿದೆ. ಅನುಮಾನಿಸುವ ಶಕ್ತಿ ಒಬ್ಬನದು, ಅನುಭವಿಸುವ ದೇಹ ಇನ್ನೊಬ್ಬನದು. 1997ರಲ್ಲಿ ಕಲ್ನಾರನ್ನು ನಿಷೇಧಿಸಿದ ಫ್ರಾನ್ಸ್ ದೇಶವೇ ತನ್ನ ಹಳೆಯ ಯುದ್ಧನೌಕೆ ಕ್ಲೆಮಾನ್ಸೋವನ್ನು ಒಡೆಯಲೆಂದು ಗುಜರಾತಿನ ಅಲಂಗಿಗೆ ಕಳುಹಿಸಿತು. ಹಡಗಿನಲ್ಲಿ ಎಷ್ಟು ಟನ್ ಕಲ್ನಾರು ಉಳಿದಿದೆ ಎಂಬ ಬಗ್ಗೆ ಒಬ್ಬೊಬ್ಬರದು ಒಂದೊಂದು ಲೆಕ್ಕವಾಗಿತ್ತು. ಭಾರಿ ವಿರೋಧದ ನಂತರ 2006ರ ಫೆಬ್ರುವರಿಯಲ್ಲಿ ಅಧ್ಯಕ್ಷ ಶಿರಾಕ್ ಅದನ್ನು ಹಿಂದಕ್ಕೆ ಕರೆಸಿಕೊಂಡರು. ಲೆಕ್ಕ ಗೊತ್ತಿಲ್ಲವೆಂದಾದರೆ ಅದನ್ನು ಒಡೆಯುವ ಬಡವನ ಶ್ವಾಸಕೋಶದಲ್ಲಿ ಲೆಕ್ಕ ಮಾಡಿಸಬಾರದಷ್ಟೆ.

ನಮ್ಮ ದೇಶದಲ್ಲಿ ಬಿಳಿ ಕಲ್ನಾರಿನ ಹಾಳೆಗೆ ಇಂದಿಗೂ ನಿಷೇಧವಿಲ್ಲ. ಆದರೆ 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಅಂಗವೆಂದು ಸಾರಿತು. ಕಲ್ನಾರಿನ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆಜ್ಞಾಪಿಸಿತು. ನಿಧಾನವಾಗಿ ಕೊಲ್ಲುವ ವಸ್ತುವಿನ ಎದುರು ನೆನಪೂ ಒಂದು ಧರ್ಮವೆಂದು ಇದರ ಅರ್ಥ.

'ಬಡವನಿಗೆ ಬೇರೆ ಮಾಡೆಲ್ಲಿದೆ? ಹೆದರಿಸಿ ಏನು ಫಲ?' ಎಂದು ಕೇಳಬಹುದು. ನ್ಯಾಯವಾದ ಮಾತು. ಅದಕ್ಕೇ ಹೇಳುವುದು, ಅನುಮಾನವೆಂದರೆ ಗಾಬರಿಯಲ್ಲ. ಸುಸ್ಥಿತಿಯಲ್ಲಿರುವ, ಯಾರೂ ಮುಟ್ಟದ ಹಾಳೆಯಿಂದ ಅಪಾಯ ಅಲ್ಪ. ಕೊರೆದಾಗ, ಒಡೆದಾಗ, ಒಣಗಿದ ಚೂರನ್ನು ಗುಡಿಸಿದಾಗ ಅಪಾಯ ಹೆಚ್ಚು. ಹೆದರಿ ಕಿತ್ತುಹಾಕಿಸುವುದೇ ಕೆಲವೊಮ್ಮೆ ದೊಡ್ಡ ತಪ್ಪಾದೀತು. ತೆಗೆಯಲೇಬೇಕಾದರೆ ನೀರು ಹಾಕಿ ತೋಯಿಸಿ, ಒಡೆಯದೆ ಇಡಿಯಾಗಿ, ಬಲ್ಲವರ ಕೈಯಿಂದ ತೆಗೆಸಬೇಕು.

ಹಾಗಾದರೆ ನಮ್ಮ ಹೊಣೆ ಏನು? ಹೇಳುವುದು. ಮಳೆಗಾಲಕ್ಕೆ ಮುನ್ನ ಪತ್ರಾ ಬದಲಿಸಲು ಬಂದವನಿಗೆ, ಹಳೆಯ ಕಟ್ಟಡ ಕೆಡಹುವ ಗುತ್ತಿಗೆದಾರನಿಗೆ, ಮನೆ ಕೊಳ್ಳಲು ಬಂದವನಿಗೆ 'ಇದರಲ್ಲಿ ಕಲ್ನಾರಿರಬಹುದು' ಎಂದು ಕೇಳದಿದ್ದರೂ ಹೇಳುವುದು. ನಾವು ಬದಲಿಸಿದ ಹಳೆಯ ಹಾಳೆಗಳನ್ನು ಕಾವಲುಗಾರನ ಗುಡಿಸಿಲಿಗೋ ಊರಿನ ಕೊಟ್ಟಿಗೆಗೋ ದಾನ ಮಾಡುವ ಮುನ್ನ ಅದು ದಾನವೇ, ನಮ್ಮ ಅಪಾಯವನ್ನು ಇನ್ನೊಬ್ಬನಿಗೆ ದಾಟಿಸುವ ಉಪಾಯವೇ ಎಂದು ಕೇಳಿಕೊಳ್ಳುವುದು. ಹೇಳಿದರೆ ಕೂಲಿ ಹೆಚ್ಚು ಕೇಳಿಯಾನು, ಮನೆಯ ಬೆಲೆ ಇಳಿದೀತು. ಸತ್ಯಕ್ಕೆ ಬೆಲೆ ತೆರಬೇಕಾದ ಜಾಗ ಇದೇ. ಖರ್ಚಿಲ್ಲದ ಸತ್ಯವನ್ನು ಎಲ್ಲರೂ ಹೇಳುತ್ತಾರೆ.

ಮನುಷ್ಯರ ಬಗ್ಗೆ ನಮ್ಮ ಅನುಮಾನ ಕಡಿಮೆಯಾಗಲಿ. ಮನುಷ್ಯರಿಗೋಸ್ಕರ ವಸ್ತುಗಳ ಬಗ್ಗೆ ಅನುಮಾನ ಸ್ವಲ್ಪ ಹೆಚ್ಚಲಿ.